ಎದ್ದು ಹೋಗಲಾರದವರ ಗಾಳಿ

(ಹಾಸನದಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರೊಬ್ಬರ ಜೊತೆ ನಡೆದ ಮಾತನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ಒಂದು ವಾರ ನಾನು ಒಂದು ಕೆಲಸ ಮಾಡಿದೆ. ಹೋದ ಹೋದ ಕಚೇರಿ, ಹೋಟೆಲು, ಆಸ್ಪತ್ರೆಗಳ ಬಾಗಿಲಲ್ಲಿ ನಿಂತು ‘ಧೂಮಪಾನ ನಿಷೇಧಿತ ಪ್ರದೇಶ’ ಎಂಬ ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ನಾವೆಲ್ಲ ಆ ಫಲಕವನ್ನು ನೋಡಿದ್ದೇವೆ, ಓದಿರುವವರು ಕಡಿಮೆ. ಬಿಳಿ ಹಲಗೆ, ಕೆಂಪು ವೃತ್ತ, ನಡುವೆ ಗೀಟು ಎಳೆದ ಸಿಗರೇಟು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಉಲ್ಲಂಘನೆ ಕಂಡುಬಂದರೆ ಇವರಿಗೆ ತಿಳಿಸಿ, ಹೆಸರು, ದೂರವಾಣಿ. ಆಮೇಲೆ ಚುಕ್ಕಿಗಳು. ನಾನು ಓದಿದ ಬಹುತೇಕ ಫಲಕಗಳಲ್ಲಿ ಆ ಚುಕ್ಕಿಗಳು ಚುಕ್ಕಿಗಳಾಗಿಯೇ ಇದ್ದವು. ಒಂದು ಕಡೆ ಮಾತ್ರ ಹೆಸರು ಬರೆದಿತ್ತು. ವಿಚಾರಿಸಿದರೆ ಆ ಅಧಿಕಾರಿ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು.

ಆ ಖಾಲಿ ಸಾಲಿನ ಬಗ್ಗೆಯೇ ನಾನು ಈ ಹೊತ್ತು ಹೆಚ್ಚು ಮಾತನಾಡುವುದು. ಸಾರ್ವಜನಿಕ ಧೂಮಪಾನ ನಿಷೇಧದ ಕಾನೂನು ಯಾರ ಮೇಲೆ ಭಾರ ಹೊರಿಸಿದೆ ಎಂಬುದು ಅಲ್ಲಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1999ರ ಜುಲೈ 12ರಂದು ಕೇರಳ ಹೈಕೋರ್ಟ್ ಕೆ. ರಾಮಕೃಷ್ಣನ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಸಾರ್ವಜನಿಕ ಸ್ಥಳದಲ್ಲಿ ಬೀಡಿ, ಸಿಗರೇಟು ಸೇದುವುದು ಕಾನೂನುಬಾಹಿರ, ಬದುಕುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದಿತು. ಆಗ ದೇಶಕ್ಕೆಲ್ಲ ಅನ್ವಯಿಸುವ ಧೂಮಪಾನ ನಿಷೇಧ ಕಾಯ್ದೆ ಇರಲಿಲ್ಲ. ದೆಹಲಿಯಂಥ ಕೆಲವು ಕಡೆ ಸ್ಥಳೀಯ ಕಾಯ್ದೆಗಳಿದ್ದವು, ಅಷ್ಟೆ. ಹಾಗಾದರೆ ನ್ಯಾಯಾಲಯ ಯಾವ ನೆಲದ ಮೇಲೆ ನಿಂತಿತು? 1860ರ ಭಾರತೀಯ ದಂಡ ಸಂಹಿತೆಯ ಮೇಲೆ. 268ನೇ ಸೆಕ್ಷನ್ ಸಾರ್ವಜನಿಕ ಉಪದ್ರವದ ಬಗ್ಗೆ ಹೇಳುತ್ತಿತ್ತು. 278ನೇ ಸೆಕ್ಷನ್, ನೆರೆಹೊರೆಯವರ, ದಾರಿಹೋಕರ ಆರೋಗ್ಯಕ್ಕೆ ಹಾನಿಯಾಗುವಂತೆ ಗಾಳಿಯನ್ನು ಕೆಡಿಸುವುದು ಅಪರಾಧ ಎನ್ನುತ್ತಿತ್ತು. ಚರಂಡಿ ನಾತ, ಚರ್ಮ ಹದ ಮಾಡುವ ತೊಟ್ಟಿ, ಸುಣ್ಣದ ಗೂಡು ಇಂಥವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತೆ ಕಾಣುವ ಆ ಸಾಲು ಬಸ್ಸಿನಲ್ಲಿ ಸೇದುವ ಸಿಗರೇಟಿಗೂ ಅನ್ವಯಿಸುತ್ತದೆ ಎಂದು ಓದಿಕೊಂಡದ್ದು ನನಗೆ ಇಂದಿಗೂ ಬೆರಗು ತರುತ್ತದೆ. ಆ ಸೆಕ್ಷನ್ ಈಗಲೂ ಬದುಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 280ನೇ ಸೆಕ್ಷನ್. ದಂಡದ ಮಿತಿ ಐನೂರರಿಂದ ಸಾವಿರ ರೂಪಾಯಿಗೆ ಏರಿದೆ. ಕಾನೂನು ಓದುತ್ತಿರುವ ಮಕ್ಕಳು ಇದನ್ನು ಗುರುತು ಹಾಕಿಕೊಳ್ಳಿ. ವಿಶೇಷ ಕಾಯ್ದೆ ತಲುಪದ ಕಡೆ ಹಳೆಯ ಸಾಮಾನ್ಯ ಕಾನೂನು ಕೆಲಸಕ್ಕೆ ಬರುತ್ತದೆ.

ಎರಡು ವರ್ಷದ ನಂತರ, 2001ರ ನವೆಂಬರ್ 2ರಂದು, ರಾಜಕಾರಣಿ ಮುರಳಿ ದೇವರಾ ಅವರು ಹೂಡಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲಾ ಕಾಲೇಜು, ಗ್ರಂಥಾಲಯ, ನ್ಯಾಯಾಲಯ, ಸಭಾಂಗಣ, ಸಾರ್ವಜನಿಕ ಕಚೇರಿ, ಬಸ್ಸು ರೈಲುಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಆ ಆದೇಶದಲ್ಲಿ ನ್ಯಾಯಾಲಯ ಕೇಳಿದ ಪ್ರಶ್ನೆಯ ಸಾರಾಂಶ ಹೀಗಿದೆ: ಸೇದದ ಮನುಷ್ಯನೊಬ್ಬ ಸಾರ್ವಜನಿಕ ಸ್ಥಳಕ್ಕೆ ಹೋಗಲೇಬೇಕಾಗಿದೆ ಎಂಬ ಒಂದೇ ಕಾರಣಕ್ಕೆ ಕ್ಯಾನ್ಸರಿಗೋ ಹೃದಯದ ಕಾಯಿಲೆಗೋ ಏಕೆ ಗುರಿಯಾಗಬೇಕು?

‘ಹೋಗಲೇಬೇಕಾಗಿದೆ’ ಎಂಬ ಮಾತಿಗೆ ಗಮನ ಕೊಡಿ. ಆಸ್ಪತ್ರೆಗೆ ಯಾರೂ ಸಂತೋಷಕ್ಕೆ ಹೋಗುವುದಿಲ್ಲ. ಪಹಣಿಗಾಗಿ ತಾಲ್ಲೂಕು ಕಚೇರಿಯ ಮುಂದೆ ಕೂತವನು ಹೊಗೆ ಬಂತೆಂದು ಎದ್ದು ಹೋದರೆ ಅವನ ಸರದಿ ತಪ್ಪುತ್ತದೆ. ಎದ್ದು ಹೋಗಬಲ್ಲವನಿಗೆ ಕಾನೂನಿನ ಅಗತ್ಯ ಕಡಿಮೆ, ಎದ್ದು ಹೋಗಲಾರದವನಿಗೇ ಅದು ಬೇಕು. ಈ ಕಾಯ್ದೆ ಎಲ್ಲಿಯವರೆಗೆ ಚಾಚಬೇಕು, ಎಲ್ಲಿ ನಿಲ್ಲಬೇಕು ಎಂದು ಯಾರಾದರೂ ಕೇಳಿದರೆ ನಾನು ಇದೇ ಅಳತೆಗೋಲನ್ನು ಹಿಡಿಯುತ್ತೇನೆ.

2003ರಲ್ಲಿ ಸಂಸತ್ತು ಕಾಯ್ದೆಯನ್ನೇ ತಂದಿತು. ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ ಎಂದು ಶುರುವಾಗುವ ಹೆಸರು ಬಹಳ ಉದ್ದ, ಎಲ್ಲರೂ ಇಂಗ್ಲಿಷ್ ಮೊದಲಕ್ಷರಗಳಲ್ಲಿ ಕೋಟ್ಪಾ ಎಂದೇ ಕರೆಯುತ್ತಾರೆ. ಅದರ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ಆದರೆ ಯಾವುದು ಸಾರ್ವಜನಿಕ ಸ್ಥಳ? 3ನೇ ಸೆಕ್ಷನ್ನಿನ ವ್ಯಾಖ್ಯಾನ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಹಕ್ಕಿನಿಂದಲೋ ಅಲ್ಲದೆಯೋ ಸಾರ್ವಜನಿಕರು ಪ್ರವೇಶಿಸಬಹುದಾದ ಯಾವುದೇ ಸ್ಥಳ ಎಂದು ವಿಶಾಲವಾಗಿ ಶುರುವಾಗಿ, ಕೊನೆಗೆ ತೆರೆದ ಜಾಗ ಇದರಲ್ಲಿ ಸೇರುವುದಿಲ್ಲ ಎಂದು ಮುಗಿಯುತ್ತದೆ.

ತೆರೆದ ಜಾಗ ಎಂದರೆ ತಲೆಯ ಮೇಲೆ ಸೂರಿಲ್ಲದ ಜಾಗ ಎಂದೇ ಅರ್ಥ ಮಾಡಿದರೆ ನಮ್ಮ ಬಸ್ ನಿಲ್ದಾಣಗಳ ಅರ್ಧ ಭಾಗ ಕಾನೂನಿನ ಹೊರಗೆ ಉಳಿಯುತ್ತಿತ್ತು. 2008ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಜಾರಿಗೆ ಬಂದ ನಿಯಮಗಳು ಆ ಬಿರುಕನ್ನು ಮುಚ್ಚಿದವು. ಬಯಲು ಸಭಾಂಗಣ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ, ಹಾಗೂ ಸಾರ್ವಜನಿಕರು ಬರುವ ಅಂಥ ಇತರ ಸ್ಥಳಗಳನ್ನು ‘ತೆರೆದ ಜಾಗ’ ಎಂದು ಪರಿಗಣಿಸುವಂತಿಲ್ಲ ಎಂದವು. ಕೆಲಸದ ಸ್ಥಳ, ಮಾಲ್, ಚಿತ್ರಮಂದಿರಗಳನ್ನೂ ಹೆಸರು ಹಿಡಿದು ಸೇರಿಸಿದವು.

‘ಅಂಥ ಇತರ ಸ್ಥಳಗಳು’ ಎಂಬಲ್ಲಿ ವಕೀಲರಿಗೆ ಬೇಕಾದಷ್ಟು ಕೆಲಸವಿದೆ. ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ದರ್ಶನದ ಸಾಲು ರಸ್ತೆಗಿಳಿದು, ತಿರುವು ತಿರುವಿ ಎಲ್ಲೆಲ್ಲಿಗೋ ಹೋಗುತ್ತದೆ. ಮರದ ಬೇಲಿಗಳ ನಡುವೆ, ಮುಂದಿನವರ ಬೆನ್ನಿಗೆ ಹಿಂದಿನವರ ಎದೆ ತಾಗುವಂತೆ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿಯ ಪಕ್ಕದಲ್ಲಿ ಒಬ್ಬ ಬೀಡಿ ಹಚ್ಚಿದ ಎಂದುಕೊಳ್ಳಿ. ಮೇಲೆ ಆಕಾಶವಿದೆ, ಇದು ರಸ್ತೆ, ರಸ್ತೆ ತೆರೆದ ಜಾಗ ಎಂದು ಅವನ ಪರವಾಗಿ ವಾದಿಸಬಹುದು. ಸಾರ್ವಜನಿಕರು ಬಂದು ಸೇರುವ ಸ್ಥಳವಾದ್ದರಿಂದ ಇದು ಬಯಲು ಸಭಾಂಗಣಕ್ಕೆ ಸಮ ಎಂದು ಆ ತಾಯಿಯ ಪರವಾಗಿ ವಾದಿಸಬಹುದು. ನಾನಾಗಿದ್ದರೆ ಎರಡನೆಯ ವಾದವನ್ನು ಮಂಡಿಸುತ್ತೇನೆ. ಅದು ಸರಿ ಎಂದೇ ನಂಬಿದ್ದೇನೆ. ನಿಯಮ ಪಟ್ಟಿ ಮಾಡಿರುವ ಜಾಗಗಳನ್ನು ಒಟ್ಟಿಗೆ ನೋಡಿ: ನಿಲ್ದಾಣ, ಕ್ರೀಡಾಂಗಣ, ಸಭಾಂಗಣ. ಎಲ್ಲ ಕಡೆಯೂ ಮನುಷ್ಯ ಕಾಯುತ್ತಿರುತ್ತಾನೆ. ಜಾಗ ಬಿಟ್ಟು ಕದಲಿದರೆ ಬಂದ ಕೆಲಸ ಕೆಡುತ್ತದೆ. ಸರದಿಯ ಸಾಲಿಗಿಂತ ಅದಕ್ಕೆ ಹತ್ತಿರದ ಹೋಲಿಕೆ ಇನ್ನೇನಿದೆ?

ಅದೇ ಅಳತೆಗೋಲಿನಿಂದ ನೋಡಿದರೆ, ಬೆಳಗಿನ ಜಾವ ಮಹಾರಾಜ ಪಾರ್ಕಿನ ಹೊರಗಿನ ಖಾಲಿ ರಸ್ತೆಯಲ್ಲಿ ಒಬ್ಬನೇ ನಿಂತು ಸೇದುವವನನ್ನು ಹಿಡಿದು ದಂಡ ಹಾಕುವುದು ಈ ಕಾಯ್ದೆಯ ಉದ್ದೇಶವಲ್ಲ. ಅವನ ಶ್ವಾಸಕೋಶದ ಚಿಂತೆ ವೈದ್ಯರದು, ಮನೆಯವರದು. ಬೇಸಿಗೆಯಲ್ಲಿ ಭದ್ರಾ ಅಭಯಾರಣ್ಯದಂಥ ಕಡೆ ಸೇದಿ ಕಿಡಿ ಬಿಸಾಡಿದರೆ ಮಾತು ಬೇರೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಬರುತ್ತದೆ. ಒಣಗಿದ ಹುಲ್ಲಿಗೆ ಬಿದ್ದ ಒಂದು ಕಿಡಿ ಏನು ಮಾಡುತ್ತದೆಂದು ಚಿಕ್ಕಮಗಳೂರಿನ ಗಿರಿಯ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಆ ಫಲಕಕ್ಕೆ ಮರಳುತ್ತೇನೆ. 2008ರ ನಿಯಮಗಳ ತಿರುಳು 3ನೇ ನಿಯಮದಲ್ಲಿದೆ. ಸಾರ್ವಜನಿಕ ಸ್ಥಳದ ಮಾಲೀಕ, ವ್ಯವಸ್ಥಾಪಕ, ಮೇಲ್ವಿಚಾರಕ ಅಥವಾ ಉಸ್ತುವಾರಿ ಹೊತ್ತವನು ಅಲ್ಲಿ ಯಾರೂ ಸೇದದಂತೆ ನೋಡಿಕೊಳ್ಳಬೇಕು. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕವನ್ನು ಪ್ರವೇಶದ್ವಾರದಲ್ಲಿ, ಮಹಡಿ ಇದ್ದರೆ ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಬಳಿ ಹಾಕಬೇಕು. ಬೂದಿ ತಟ್ಟೆ, ಬೆಂಕಿಪೊಟ್ಟಣ, ಲೈಟರ್ ಕೊಡಬಾರದು. ದೂರು ಸ್ವೀಕರಿಸುವವರ ಹೆಸರನ್ನು ಪ್ರಕಟಿಸಬೇಕು. ದೂರು ಬಂದ ಮೇಲೂ ಕ್ರಮ ಕೈಗೊಳ್ಳದಿದ್ದರೆ ಅಲ್ಲಿ ನಡೆದ ಒಂದೊಂದು ಉಲ್ಲಂಘನೆಗೂ ಸಮನಾದ ದಂಡ ಅವರ ಮೇಲೆ ಬೀಳುತ್ತದೆ. ಹತ್ತು ಜನ ಸೇದಿದರೆ ಹತ್ತು ದಂಡ. ದಂಡ ವಿಧಿಸುವ ಅಧಿಕಾರವೂ ಪೊಲೀಸರಿಗೆ ಮಾತ್ರ ಸೀಮಿತವಾಗಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರು, ಗ್ರಂಥಪಾಲಕರು, ಸ್ಟೇಷನ್ ಮಾಸ್ಟರ್ ಅವರಿಗೂ ತಮ್ಮ ತಮ್ಮ ಸ್ಥಳಗಳಲ್ಲಿ ಆ ಅಧಿಕಾರವಿದೆ. ತಮಗಿದೆ ಎಂದು ತಿಳಿಯದ ಮುಖ್ಯೋಪಾಧ್ಯಾಯರನ್ನು ನಾನೇ ಕಂಡಿದ್ದೇನೆ.

ಅಂದರೆ ಕಾನೂನು ಸೇದುವವನ ಬೆನ್ನು ಹತ್ತುವುದಕ್ಕಿಂತ ಜಾಗದ ಯಜಮಾನನನ್ನು ಹೊಣೆ ಮಾಡುತ್ತದೆ. ಇದು ಬಹಳ ವಿವೇಕದ ಏರ್ಪಾಡು. ಸೇದುವವನು ಐದು ನಿಮಿಷದಲ್ಲಿ ಎದ್ದು ಹೋಗುತ್ತಾನೆ, ಯಜಮಾನ ಅಲ್ಲೇ ಇರುತ್ತಾನೆ. ಆದರೆ ಜಾರಿ ನಡೆಯುತ್ತಿರುವುದು ತಿರುಗುಮುರುಗಾಗಿ. ಆಗೊಮ್ಮೆ ಈಗೊಮ್ಮೆ ಒಂದು ತಂಡ ಬಂದು ಬೀಡಿ ಸೇದುತ್ತಿದ್ದ ಕೂಲಿಯವನ ಕೈಗೆ ರಸೀದಿ ಕೊಟ್ಟು ಹೋಗುತ್ತದೆ, ಹೆಸರಿಲ್ಲದ ಫಲಕ ತೂಗುಹಾಕಿದವರನ್ನು ಯಾರೂ ಕೇಳುವುದಿಲ್ಲ. ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ. ಬಡವನ ಜೇಬಿಗೆ ಕೈಹಾಕುವುದಕ್ಕಷ್ಟೇ ಬಳಕೆಯಾಗುವ ಕಾಯ್ದೆಯ ಮೇಲೆ ಜನರಿಗೆ ಗೌರವ ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಈಗ ಕಾಯ್ದೆ ಇನ್ನಷ್ಟು ಬಿಗಿಯಾಗಿದೆ. ಕೇಂದ್ರದ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬೇಕಿತ್ತು. 2024ರಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿಗೆ ಅದು ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ. ಮೊದಲು ಇನ್ನೂರು ರೂಪಾಯಿಯವರೆಗೆ ಇದ್ದ ದಂಡ ಸಾವಿರಕ್ಕೆ ಏರಿತು. ತಂಬಾಕು ಕೊಳ್ಳುವ ವಯಸ್ಸು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಹೋಯಿತು. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವುದು ನಿಷಿದ್ಧವಾಯಿತು. ಹುಕ್ಕಾ ಬಾರ್ ನಡೆಸುವವರಿಗೆ ಒಂದರಿಂದ ಮೂರು ವರ್ಷ ಸಜೆ, ಐವತ್ತು ಸಾವಿರದಿಂದ ಒಂದು ಲಕ್ಷ ರೂಪಾಯಿ ದಂಡ. ತಂಬಾಕು ಜಗಿದು ಉಗುಳುವುದೂ ನಿಷೇಧದ ವ್ಯಾಪ್ತಿಗೆ ಬಂತು. ಇದು ಅಗತ್ಯವಾಗಿತ್ತು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಆದರೂ ಒಂದು ಕಿಂಡಿ ಹಾಗೇ ಉಳಿದಿದೆ. ಮೂವತ್ತು ಕೊಠಡಿಗಳಿರುವ ಹೋಟೆಲು, ಮೂವತ್ತು ಜನ ಕೂರುವ ರೆಸ್ಟೋರೆಂಟ್, ವಿಮಾನ ನಿಲ್ದಾಣಗಳಲ್ಲಿ ಧೂಮಪಾನಕ್ಕೆ ಪ್ರತ್ಯೇಕ ಜಾಗ ಮಾಡಿಕೊಳ್ಳಬಹುದು ಎಂದು 4ನೇ ಸೆಕ್ಷನ್ನಿನ ಪರಂತುಕ, ಅಂದರೆ ವಿನಾಯಿತಿ ಕೊಡುವ ಉಪವಾಕ್ಯ, ಹೇಳುತ್ತದೆ. ಆ ಕೋಣೆಗೆ ಛಾವಣಿಯವರೆಗೆ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರ ಹೊರಕ್ಕೆ ತಳ್ಳುವ ಏರ್ಪಾಡು ಇರಬೇಕು ಎಂದು ನಿಯಮಗಳು ವಿವರಿಸಿವೆ. ಎಲ್ಲವೂ ನಿಯಮದಂತೆಯೇ ಇದೆ ಎಂದುಕೊಳ್ಳೋಣ. ಗಿರಾಕಿಯನ್ನು ಪಕ್ಕದ ಮೇಜಿನ ಹೊಗೆಯಿಂದ ಆ ಗೋಡೆ ಕಾಪಾಡುತ್ತದೆ. ಆದರೆ ಆ ಕೋಣೆಯೊಳಗೆ ನೆಲ ಒರೆಸಲು ಹೋಗುವ ಹುಡುಗನಿಗೆ ಯಾವ ಗೋಡೆ? ತಾನೇ ಮುಚ್ಚಿಕೊಳ್ಳುವ ಬಾಗಿಲು ಅವನ ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತದೆ. ಅವನು ದಿನಕ್ಕೆ ಹತ್ತಾರು ಬಾರಿ ಅಲ್ಲಿಗೆ ಹೋಗುತ್ತಾನೆ. ಹೋಗುವುದಿಲ್ಲ ಎಂದರೆ ಕೆಲಸ ಹೋಗುತ್ತದೆ.

ಪರರ ಹೊಗೆ ಅಷ್ಟು ಕೆಟ್ಟದ್ದೇ ಎಂದು ಈಗಲೂ ಕೇಳುವವರಿದ್ದಾರೆ. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮಾ ಅವರು ಪ್ರಕಟಿಸಿದ ಅಧ್ಯಯನ ನೆನಪಿಸಿಕೊಳ್ಳಿ. ಸಿಗರೇಟು ಮುಟ್ಟದ 91,540 ಗೃಹಿಣಿಯರನ್ನು ಹದಿನಾಲ್ಕು ವರ್ಷ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಏರುತ್ತದೆ ಎಂದು ಅವರು ತೋರಿಸಿದರು. ತಂಬಾಕು ಕಂಪನಿಗಳು ಆ ಅಧ್ಯಯನದ ಮೇಲೆ ಮುಗಿಬಿದ್ದವು. ಮುಂದಿನ ಸಂಶೋಧನೆಗಳು ಅದನ್ನೇ ಗಟ್ಟಿ ಮಾಡಿದವು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ವರದಿ, ಪರರ ಹೊಗೆಯಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಭಾರತವೂ ಸಹಿ ಹಾಕಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 8ನೇ ವಿಧಿಗೆ 2007ರಲ್ಲಿ ಮಾರ್ಗಸೂಚಿ ಬಂತು. ಪ್ರತ್ಯೇಕ ಕೋಣೆಯೂ, ಗಾಳಿ ಹೊರಹಾಕುವ ಯಂತ್ರವೂ ಸಾಲದು, ಒಳಾಂಗಣ ಪೂರ್ತಿ ಹೊಗೆಮುಕ್ತವಾಗಬೇಕು ಎಂದು ಅದು ಹೇಳುತ್ತದೆ. ಐರ್ಲೆಂಡ್ 2004ರ ಮಾರ್ಚ್ 29ರಿಂದಲೇ ಮದ್ಯದಂಗಡಿಗಳೂ ಸೇರಿದಂತೆ ಬಹುತೇಕ ಎಲ್ಲ ಕೆಲಸದ ಸ್ಥಳಗಳ ಒಳಗೆ ಸೇದುವುದನ್ನು ನಿಲ್ಲಿಸಿತ್ತು. ಆ ಕಾನೂನಿನ ಹಿಂದಿದ್ದದ್ದು ಗಿರಾಕಿಯ ಹಿತಕ್ಕಿಂತ ಹೆಚ್ಚಾಗಿ ಕೆಲಸಗಾರರ ಹಿತ. ನಮ್ಮಲ್ಲೂ 2020ರ ಕೊನೆಯಲ್ಲಿ ಕೇಂದ್ರ ಸರ್ಕಾರದ ಒಂದು ಕರಡು ಮಸೂದೆ ಹೋಟೆಲುಗಳ ಈ ವಿನಾಯಿತಿಯನ್ನು ಕೈಬಿಡುವ ಪ್ರಸ್ತಾಪ ಮಾಡಿತ್ತು. ಕರಡು ಕರಡಾಗಿಯೇ ಉಳಿಯಿತು. ಭವಿಷ್ಯದ ಕಾನೂನು ಎಂದರೆ ನನ್ನ ಮಟ್ಟಿಗೆ ಮೊದಲ ಹೆಜ್ಜೆ ಇದೇ.

ಬೇರೆ ದೇಶಗಳು ಇನ್ನೂ ಮುಂದಕ್ಕೆ ಹೋಗಲು ಹೊರಟಿವೆ. ನಿರ್ದಿಷ್ಟ ದಿನಾಂಕದ ನಂತರ ಹುಟ್ಟಿದವರಿಗೆ ಜೀವನಪೂರ್ತಿ ತಂಬಾಕು ಮಾರಬಾರದು ಎಂಬುದು ಅವರ ಯೋಚನೆ. ನ್ಯೂಜಿಲೆಂಡ್ 2022ರಲ್ಲಿ ಅಂಥ ಕಾನೂನು ಮಾಡಿ, ಸರ್ಕಾರ ಬದಲಾದ ಮೇಲೆ 2024ರಲ್ಲಿ ತಾನೇ ರದ್ದು ಮಾಡಿತು. ಮಾಲ್ಡೀವ್ಸ್ 2025ರ ನವೆಂಬರ್ 1ರಿಂದ, 2007ರ ಜನವರಿ 1ರಂದು ಮತ್ತು ನಂತರ ಹುಟ್ಟಿದವರಿಗೆ ನಿಷೇಧ ಜಾರಿ ಮಾಡಿದೆ. ಒಂದು ದಿನದ ಅಂತರದಲ್ಲಿ ಹುಟ್ಟಿದ ಇಬ್ಬರನ್ನು ಕಾನೂನು ಬೇರೆ ಬೇರೆಯಾಗಿ ನೋಡಬಹುದೇ ಎಂಬ ಪ್ರಶ್ನೆ ಅಮೆರಿಕದ ಬ್ರೂಕ್‌ಲೈನ್ ಎಂಬ ಊರಿನ ನಿಯಮದ ವಿರುದ್ಧ ಎದ್ದಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2024ರಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ನಮ್ಮಲ್ಲಾದರೆ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಯ ಮೇಲೆ ದೊಡ್ಡ ವಾದವೇ ನಡೆಯುತ್ತದೆ. ನನಗೆ ಈ ದಾರಿಯ ಬಗ್ಗೆ ಅಂಜಿಕೆಯಿದೆ. ಭೂತಾನ್ 2004ರಲ್ಲಿ ತಂಬಾಕು ಮಾರಾಟವನ್ನೇ ನಿಷೇಧಿಸಿತ್ತು. ಕಳ್ಳಸಾಗಣೆಯ ಕಾಟದಿಂದ 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಫಲಕದ ಮೇಲೆ ಒಂದು ಹೆಸರು ಬರೆಸಲಾಗದ ಆಡಳಿತದ ಕೈಗೆ ಅಷ್ಟು ದೊಡ್ಡ ನಿಷೇಧ ಕೊಟ್ಟರೆ ಅದನ್ನು ಯಾರ ಮೇಲೆ ಬಳಸುತ್ತಾರೆ ಎಂಬುದು ನನಗೆ ಗೊತ್ತು.

ಮನೆಯೊಳಗೆ ಕಾನೂನು ಬರಬೇಕೇ? ಬರಬಾರದು. ಹಿರಾಯಾಮಾ ಅಧ್ಯಯನದ ಆ ಗೃಹಿಣಿಯರೂ ಎದ್ದು ಹೋಗಲಾರದವರೇ ಆಗಿದ್ದರು ಎಂಬುದನ್ನು ಬಲ್ಲೆ. ಹಾಗಿದ್ದರೂ ಪೊಲೀಸರು ಮನೆ ಬಾಗಿಲು ತಟ್ಟುವ ಕಾನೂನನ್ನು ಒಪ್ಪುವುದು ನನ್ನಿಂದಾಗದು. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಅದೇ 21ನೇ ವಿಧಿಯಲ್ಲಿ ಇಟ್ಟಿದೆ. ಆದರೆ ಕಾರಿನೊಳಗೆ ಮಕ್ಕಳಿದ್ದಾಗ ಸೇದಬಾರದು ಎಂದು ಇಂಗ್ಲೆಂಡ್ 2015ರ ಅಕ್ಟೋಬರ್‌ನಿಂದ ನಿಯಮ ಮಾಡಿದೆ. ಅದು ನಮಗೂ ಬೇಕು ಎನ್ನುತ್ತೇನೆ. ಹಿಂದಿನ ಸೀಟಿನ ಮಗು ಎಲ್ಲಿಗೆ ಎದ್ದು ಹೋದೀತು?

ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ರಾಮನಾಥಪುರದ ಕಡೆಯವರು, ಬ್ಯಾರನ್, ಅಂದರೆ ಎಲೆ ಹದ ಮಾಡುವ ಮನೆ, ಇಟ್ಟುಕೊಂಡು ತಂಬಾಕು ಬೆಳೆಯುವವರು.

“ಸ್ವಾಮಿ, ಸೇದುವುದು ತಪ್ಪು ಅಂದಿರಿ. ನಾವು ಬೆಳೆಯುವುದೂ ತಪ್ಪೇ?” ಎಂದು ಕೇಳಿದರು.

“ಯಜಮಾನರೇ, ನಾನೂ ಅರಕಲಗೂಡು ತಾಲ್ಲೂಕಿನವನೇ,” ಎಂದೆ. “ತಂಬಾಕು ಮಂಡಳಿಯ ಪರವಾನಗಿ ಪಡೆದು ಬೆಳೆದು, ಹರಾಜು ಮಾರುಕಟ್ಟೆಗೆ ಹಾಕುವ ನಿಮ್ಮ ಮೇಲೆ ಈ ಕಾಯ್ದೆಯಲ್ಲಿ ಒಂದು ಮಾತೂ ಇಲ್ಲ. ನಾನು ಹೇಳಿದ ಆ ಅಂತರರಾಷ್ಟ್ರೀಯ ಒಪ್ಪಂದದ 17ನೇ ವಿಧಿ, ಬೆಳೆಗಾರರಿಗೆ ಬೇರೆ ಜೀವನೋಪಾಯ ತೋರಿಸಲು ಸರ್ಕಾರಗಳು ನೆರವಾಗಬೇಕು ಎನ್ನುತ್ತದೆ. ಆ ಬಾಕಿಯನ್ನು ಸರ್ಕಾರ ನಿಮಗೆ ತೀರಿಸಬೇಕು.”

ಅವರು ಕೂರಲಿಲ್ಲ. ನನಗೆ ನಮ್ಮ ಸೋದರಮಾವನ ಬ್ಯಾರನ್ ನೆನಪಾಯಿತು. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಸಾಲು ಸಾಲಾಗಿ ತೂಗುಹಾಕಿ, ಒಲೆಗೆ ಸೌದೆ ಒಡ್ಡಿದರೆ ಐದಾರು ದಿನ ಹಗಲು ರಾತ್ರಿ ಕಾಯಬೇಕು. ರಾತ್ರಿ ಸರದಿ ಹುಡುಗರದು. ಒಲೆಯ ಬಾಯಿ ತೆರೆದಾಗಲೆಲ್ಲ ಕಣ್ಣು ಉರಿಯುತ್ತಿತ್ತು. ಬೆಳಗ್ಗೆ ಮೂಗು ಒರೆಸಿಕೊಂಡರೆ ಕಪ್ಪು. ಒಳಗೆ ಮಾತ್ರ ದಪ್ಪ ತಗಡಿನ ಕೊಳವೆ ಸುತ್ತು ಹಾಕಿಕೊಂಡು ಹೋಗಿ ಹೊಗೆಯನ್ನೆಲ್ಲ ಚಿಮಣಿಯಿಂದ ಹೊರಕ್ಕೆ ಬಿಡುತ್ತಿತ್ತು. ಎಲೆಗೆ ತಾಗುತ್ತಿದ್ದದ್ದು ಬಿಸಿ ಮಾತ್ರ.

“ಈಗಲೂ ಕೊಳವೆಯಲ್ಲೇ ಬೇಯಿಸುತ್ತೀರಾ?” ಎಂದು ಕೇಳಿದೆ.

“ಮತ್ತೆ? ಎಲೆಗೆ ಹೊಗೆ ತಾಗಿದರೆ ಗ್ರೇಡ್ ಹೋಗುತ್ತದೆ, ಸ್ವಾಮಿ. ಕೊಳವೆಯಲ್ಲಿ ಒಂದು ತೂತು ಬಿದ್ದರೂ ಆ ರಾತ್ರಿಯೇ ಒಲೆ ಆರಿಸಿ ಮಣ್ಣು ಮೆತ್ತುತ್ತೇವೆ,” ಎಂದರು.